ಮನೆಯಲ್ಲೇ ಕಟ್ಟಿದ ಕಾರಿನ ಸೆಲ್ಫ್ ಮೋಟರ್ ಪದೇ ಪದೇ ಕಚ್ಚಿಕೊಳ್ಳುತ್ತಿದೆ

ಪ್ರಶ್ನೆ: ನಮಸ್ಕಾರ ಸರ್. ಅಡಿಕೆ ತೋಟದೊಳಗೆ ಗೊಬ್ಬರ, ಗೊನೆ ಸಾಗಿಸಲು ನಾನೂ ತಮ್ಮನೂ ಸೇರಿ ಕಬ್ಬಿಣದ ಪೈಪಿನ ಚಾಸಿಯ ಮೇಲೆ ಒಂದು ಗಾಡಿ ಕಟ್ಟಿದ್ದೇವೆ. ಹಳೆಯ ಮಾರುತಿ 800ರ ಎಂಜಿನ್ ಮತ್ತು ಗಿಯರ್‌ಬಾಕ್ಸ್ ಹಿಂದಿವೆ, ಬ್ಯಾಟರಿ ಮುಂದಿದೆ. ಕೀಲಿ ತಿರುಗಿಸಿದರೆ ‘ಕಟ್’ ಎಂದು ಒಂದು ಸದ್ದಾಗಿ, ದೀಪ ಮಂಕಾಗಿ, ಎಂಜಿನ್ ಅಲ್ಲೇ ನಿಲ್ಲುತ್ತದೆ. ಒಮ್ಮೊಮ್ಮೆ ಗಾಡಿಯನ್ನು ಸ್ವಲ್ಪ ತಳ್ಳಿದರೆ ಬಿಡುತ್ತದೆ. ನಿನ್ನೆ ಆಕ್ಸಿಲರೇಟರ್ ಕೇಬಲ್ ಕೈ ಸುಡುವಷ್ಟು ಬಿಸಿಯಾಗಿತ್ತು. ಹೊಸ ಸೆಲ್ಫ್ ಮೋಟರ್ ತರಬೇಕೇ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಈಗಲೇ ಹಣ ಸುರಿಯಬೇಡಿ. ನೀವು ಕೊನೆಯಲ್ಲಿ ಹೇಳಿದ ಆ ಬಿಸಿ ಕೇಬಲ್‌ನಲ್ಲಿಯೇ ಅರ್ಧ ಉತ್ತರ ಇದೆ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕುಳಿತಿರುತ್ತದೆ; ರಬ್ಬರಿನ ಮೂಲಕ ಕರೆಂಟ್ ಹರಿಯುವುದಿಲ್ಲ. ಆದ್ದರಿಂದ ಎಂಜಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ ದಪ್ಪನೆಯ ಅರ್ಥ್ ಕೇಬಲ್ ಬೇಕೇ ಬೇಕು. ಅದು ಸರಿಯಿಲ್ಲದಿದ್ದರೆ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ, ಆಕ್ಸಿಲರೇಟರ್ ಕೇಬಲ್‌ನ ಉಕ್ಕಿನ ತಂತಿಯೂ ಅದಕ್ಕೊಂದು ದಾರಿಯೇ. ಆ ಕೇಬಲ್ ಒಳಗೇ ಸುಟ್ಟು, ಆಕ್ಸಿಲರೇಟರ್ ಒತ್ತಿದ ಸ್ಥಿತಿಯಲ್ಲೇ ನಿಂತುಬಿಡಬಹುದು. ದಯವಿಟ್ಟು ಅರ್ಥ್ ಸರಿಪಡಿಸುವವರೆಗೆ ಕೀಲಿ ತಿರುಗಿಸಬೇಡಿ.

ಕಚ್ಚಿಕೊಂಡ ಬೆಂಡಿಕ್ಸ್ (ಸೆಲ್ಫ್ ಮೋಟರಿನಿಂದ ಮುಂದೆ ಚಾಚಿ ಎಂಜಿನ್ ತಿರುಗಿಸುವ ಪುಟ್ಟ ಹಲ್ಲುಚಕ್ರ) ಬಿಡಿಸಲು ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ. ನಾಲ್ಕನೆಯ ಗಿಯರ್ ಹಾಕಿ, ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿ. ಬಿಡದಿದ್ದರೆ ಗಿಯರನ್ನು ನ್ಯೂಟ್ರಲ್‌ಗೆ ತಂದು, ಸ್ಪಾರ್ಕ್ ಪ್ಲಗ್ ಮೂರನ್ನೂ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿ. ಆಗಲೂ ಅಲುಗದಿದ್ದರೆ ಸೆಲ್ಫ್ ಮೋಟರ್ ಬಿಚ್ಚಿ ಇನ್ನೊಮ್ಮೆ ತಿರುಗಿಸಿ ನೋಡಿ. ಅದಿಲ್ಲದೆಯೂ ಎಂಜಿನ್ ಬಿಗಿಯಾಗಿಯೇ ಇದ್ದರೆ ದೋಷ ಬೇರೆಡೆ ಇದೆ.

ಈಗ ಮೂರು ವಿಷಯ ತಿಳಿಸಿ: ಅರ್ಥ್ ತಂತಿ ಎಷ್ಟು ದಪ್ಪ, ಅದನ್ನು ಎಲ್ಲಿ ಬಿಗಿದಿದ್ದೀರಿ, ಮೋಟರನ್ನು ಬಿಚ್ಚಿದಾಗ ಬೆಂಡಿಕ್ಸ್‌ನ ಹಲ್ಲು ಹೇಗಿದೆ.

ಪ್ರಶ್ನೆ ಕೇಳಿದವರು: ಗಿಯರ್ ಹಾಕಿ ಅಲುಗಾಡಿಸಿದಾಗ ಬಿಟ್ಟಿತು. ಅರ್ಥ್‌ಗೆ ಮನೆ ವೈರಿಂಗಿನ 4 ಚದರ ಮಿ.ಮೀ. ತಂತಿ ಇದೆ, ಬಣ್ಣ ಬಳಿದ ಚಾಸಿಗೆ ಬಿಗಿದಿದ್ದೇವೆ. ಬೆಂಡಿಕ್ಸ್ ಹಲ್ಲುಗಳ ಒಂದು ಅಂಚು ಮಾತ್ರ ಉಜ್ಜಿ ಹೊಳೆಯುತ್ತಿದೆ. ಮೋಟರಿನ ಒಂದು ಬೋಲ್ಟಿನ ಬಳಿ, ಮೋಟರಿಗೂ ಗಿಯರ್‌ಬಾಕ್ಸಿಗೂ ನಡುವೆ ಒಂದು ವಾಷರ್ ಇದೆ.

ಉತ್ತರ: ಹಾಗಾದರೆ ದೋಷ ಒಂದಲ್ಲ, ಎರಡು. ಆ ವಾಷರ್‌ನಿಂದ ಮೋಟರ್ ಓರೆಯಾಗಿ ಕುಳಿತಿದೆ. ಹಲ್ಲು ಫ್ಲೈವೀಲ್ ರಿಂಗಿನೊಳಗೆ (ಎಂಜಿನ್ನಿನ ಭಾರದ ಚಕ್ರದ ಸುತ್ತಲಿರುವ ಹಲ್ಲಿನ ಬಳೆ) ನೇರವಾಗಿ ಹೋಗದೆ ಅಂಚಿನಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತಿದೆ. ವಾಷರ್ ತೆಗೆಯಿರಿ. ಮೋಟರ್ ಕೂರುವ ಮುಖದ ಬಣ್ಣ, ತುಕ್ಕು, ಎಣ್ಣೆಯನ್ನೆಲ್ಲ ಲೋಹ ಕಾಣುವವರೆಗೆ ಉಜ್ಜಿ ಕೂರಿಸಿ. ಮೋಟರಿನ ಮೈಯೇ ಅದರ ಅರ್ಥ್, ಹಾಗಾಗಿ ಆ ಮುಖ ಶುದ್ಧವಾಗಿದ್ದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಬೆಂಡಿಕ್ಸ್ ಜಾರುವ ಶಾಫ್ಟಿಗೆ ಗ್ರೀಸ್ ಮೆತ್ತಬೇಡಿ. ಕ್ಲಚ್ ಧೂಳು ಅಂಟಿ ಅದು ಹಿಂದಕ್ಕೆ ಸರಿಯುವುದೇ ಇಲ್ಲ. ಒರೆಸಿ, ಒಂದೇ ಹನಿ ತೆಳು ಎಣ್ಣೆ ಸಾಕು.

ಇನ್ನು ತಂತಿ. ಮೂರು ಮೀಟರ್ ಉದ್ದದ 4 ಚದರ ಮಿ.ಮೀ. ತಾಮ್ರದಲ್ಲಿ 150 ಆಂಪಿಯರ್ ಹರಿದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಸೊಲೆನಾಯ್ಡ್ (ಬೆಂಡಿಕ್ಸನ್ನು ಮುಂದಕ್ಕೆ ತಳ್ಳುವ ವಿದ್ಯುತ್ ಅಯಸ್ಕಾಂತ) ಎಳೆಯಲು ಉಳಿದದ್ದು ಸಾಕು, ಮೋಟರ್ ತಿರುಗಿಸಲು ಸಾಲದು. ಆದ್ದರಿಂದಲೇ ‘ಕಟ್’ ಎಂದು ನಿಲ್ಲುತ್ತದೆ. ಪಾಸಿಟಿವ್, ನೆಗೆಟಿವ್ ಎರಡಕ್ಕೂ 35 ಚದರ ಮಿ.ಮೀ. ಕೇಬಲ್ ಹಾಕಿ; ಚಾಸಿಯನ್ನು ನಂಬದೆ ನೆಗೆಟಿವ್ ಕೇಬಲನ್ನು ನೇರವಾಗಿ ಗಿಯರ್‌ಬಾಕ್ಸಿನ ಬೋಲ್ಟಿಗೇ ಒಯ್ಯಿರಿ. ಪಾಸಿಟಿವ್ ಕೇಬಲ್ ಕಬ್ಬಿಣದ ಅಂಚಿಗೆ ಉಜ್ಜದಂತೆ ರಬ್ಬರ್ ಕೊಳವೆ ತೊಡಿಸಿ. ಅದು ಸವೆದು ಚಾಸಿಗೆ ತಾಗಿದರೆ ಬೆಂಕಿಯೇ.

ಜೋಡಿಸಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೋಟರಿನ ಮೈಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಗಿಯರ್ ನ್ಯೂಟ್ರಲ್‌ನಲ್ಲಿಟ್ಟು ತಮ್ಮನಿಗೆ ಕೀಲಿ ತಿರುಗಿಸಲು ಹೇಳಿ. 0.3 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಅದೇ ಹೊತ್ತಿನಲ್ಲಿ ಬ್ಯಾಟರಿಯ ಎರಡು ತುದಿಗಳ ನಡುವೆ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯನ್ನೂ ಪರೀಕ್ಷಿಸಿ.

ಇನ್ನೊಬ್ಬ ಸದಸ್ಯರು: ಅಣ್ಣ, ನಮ್ಮ ಕಡೆ ಸುತ್ತಿಗೆಯಿಂದ ಮೋಟರಿಗೆ ಎರಡು ಪೆಟ್ಟು ಕೊಡುತ್ತಾರೆ, ಸ್ಟಾರ್ಟ್ ಆಗುತ್ತದೆ. ಅದು ತಪ್ಪೇ?

ಉತ್ತರ: ಮೋಟರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು, ತಿರುಗುವ ಭಾಗವಾದ ಆರ್ಮೇಚರಿಗೆ ತಾಗದೆ ನಿಂತಿದ್ದರೆ ಪೆಟ್ಟಿಗೆ ಒಮ್ಮೆ ತಾಗುತ್ತದೆ, ಅಷ್ಟೇ. ಆದರೆ ಈಗಿನ ಅನೇಕ ಮೋಟರುಗಳಲ್ಲಿ ಕಾಯಿಲ್ ಬದಲು ಶಾಶ್ವತ ಅಯಸ್ಕಾಂತಗಳನ್ನು ಒಳಮೈಗೆ ಅಂಟಿಸಿರುತ್ತಾರೆ. ಪೆಟ್ಟು ಬಿದ್ದರೆ ಅವು ಒಡೆದು ಚೂರಾಗುತ್ತವೆ. ಬ್ರಷ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಮೋಟರ್ ಬಲಿಯಾಗುತ್ತದೆ. ಕಾರು ಯಾವುದೇ ಇರಲಿ, ಸುತ್ತಿಗೆ ಬೇಡ.

ಪ್ರಶ್ನೆ ಕೇಳಿದವರು: ಸರ್, ಹೇಳಿದಂತೆ ಮಾಡಿದೆವು. ಮೀಟರ್ 0.2 ತೋರಿಸಿತು, ಆಕ್ಸಿಲರೇಟರ್ ಕೇಬಲ್ ತಣ್ಣಗಿದೆ. ಚುರುಕಾಗಿ ಸ್ಟಾರ್ಟ್ ಆಗುತ್ತದೆ. ಆದರೆ ಒಮ್ಮೊಮ್ಮೆ ಬರಿದೇ ‘ಕರ್ರ್’ ಎಂದು ಉಜ್ಜಿದ ಸದ್ದು. ಗಾಡಿ ಸ್ವಲ್ಪ ತಳ್ಳಿದರೆ ಸರಿಹೋಗುತ್ತದೆ.

ಉತ್ತರ: ತುಂಬಾ ಸಂತೋಷ. ಆ ಸದ್ದು ಬಹುಶಃ ಫ್ಲೈವೀಲ್ ರಿಂಗಿನದು. ಮೂರು ಸಿಲಿಂಡರ್ ಎಂಜಿನ್ ಆಫ್ ಆದಾಗ ಕಂಪ್ರೆಷನ್ (ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ) ತಡೆದು ಹೆಚ್ಚಾಗಿ ಮೂರೇ ಜಾಗಗಳಲ್ಲಿ ನಿಲ್ಲುತ್ತದೆ. ಬೆಂಡಿಕ್ಸ್ ಪ್ರತಿ ಸಲ ಅದೇ ಹಲ್ಲುಗಳಿಗೆ ಬಡಿಯುವುದರಿಂದ ಅವು ಮಾತ್ರ ಸವೆಯುತ್ತವೆ. ಮೋಟರ್ ಬಿಚ್ಚಿ, ಆ ಕಿಂಡಿಯಿಂದ ಟಾರ್ಚ್ ಬಿಟ್ಟು, ಪುಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸುತ್ತಾ ನೋಡಿ. ಹಲ್ಲಿನ ತುದಿ ಮಾತ್ರ ಒರಟಾಗಿದ್ದರೆ ಅರದಿಂದ ತೀಡಿಕೊಳ್ಳಿ. ಹಲ್ಲು ಅರ್ಧ ತಿಂದುಹೋಗಿದ್ದರೆ ರಿಂಗ್ ಬದಲಿಸಬೇಕು: ಅದನ್ನು ಸಮನಾಗಿ ಕಾಯಿಸಿ, ಹಿಗ್ಗಿದಾಗ ಫ್ಲೈವೀಲ್ ಮೇಲೆ ಇಳಿಸಿ, ತಾನಾಗಿಯೇ ಆರಲು ಬಿಡುತ್ತಾರೆ. ಅದನ್ನು ಲೇತ್ ಕೆಲಸ ಬಲ್ಲವರಿಗೇ ಕೊಡಿ. ಗಿಯರ್‌ಬಾಕ್ಸ್ ಇಳಿಸಿದಾಗ ಕ್ಲಚ್ ಪ್ಲೇಟನ್ನೂ ಒಮ್ಮೆ ನೋಡಿಬಿಡಿ.