ಲೈಸಿನ್ ಅಂದ್ರ ಉಳ್ಳಾಗಡ್ಡಿ

ಧಾರವಾಡದ ಶ್ರಾವಣ, ಜಿಟಿಜಿಟಿ ಮಳಿ. ಗಿರ್ಮಿಟ್ ಗಾಡಿ ಹತ್ರ ಬಯಾಲಜಿ ಮಾಸ್ತರು, ಜಿಮ್ಮಿಗೆ ಹೋಗೂ ತಮ್ಮ, ಗಾಡಿ ಕಾಕಾ.

"ಶ್ರಾವಣ ಮುಗಿಯೂತನಕ ಮನ್ಯಾಗ ತತ್ತಿ ಬಂದ್ ರೀ ಸರ್. ಎರಡು ತತ್ತಿ ಅಂದ್ರ 12 ಗ್ರಾಂ ಪ್ರೋಟೀನ್! ರಟ್ಟಿ ಕರಗಿ ಹೋಗ್ತಾವು."

"ತೂಕ ಎಷ್ಟೋ ನಿಂದು?"

"65."

"ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಾಗ ಹೇಳಿದ್ದು ದಿನಕ್ಕ ಕಿಲೋ ತೂಕಕ್ಕ 0.83 ಗ್ರಾಂ ಪ್ರೋಟೀನ್. ನಿನಗ 54. ಕಬ್ಬಿಣ ಎತ್ತಾವರಿಗೆ ಇನ್ನಷ್ಟು ಬೇಕು, ಅದಿರ್ಲಿ. ರೊಟ್ಟಿ ಎಷ್ಟ ಹೊಡೀತಿ?"

"ನಾಕು."

"ರೊಟ್ಟಿಗೆ 60 ಗ್ರಾಂ ಜ್ವಾಳದ ಹಿಟ್ಟು ಹಿಡಿ, ಅದರಾಗ ಪ್ರೋಟೀನ್ 6 ಗ್ರಾಂ. ನಾಕಕ್ಕ 24."

"ಒಂಬತ್ತು ತಿಂದ್ರ 54. ಮುಗೀತಲ್ರೀ!"

"ಮುಗ್ಯಾಂಗಿಲ್ಲೋ. ಪ್ರೋಟೀನ್ ಕಟ್ಟೂ ಇಟ್ಟಂಗಿ ಅಂದ್ರ ಅಮೈನೋ ಆಮ್ಲ. ದೇಹಕ್ಕ ತಾನ ಮಾಡ್ಕೊಳ್ಳಾಕ ಬರದವು 9 ಅದಾವು, ಲೂಸಿನ್, ಲೈಸಿನ್ ಅದರಾಗಿನವು. ಜ್ವಾಳದಾಗ ಲೂಸಿನ್ ಭರಪೂರ, ಲೈಸಿನ್ ಕಡಿಮಿ. ಕಾಕಾ, ಚುರಮುರಿ ಚೀಲ ತುಂಬ ಐತಿ, ಉಳ್ಳಾಗಡ್ಡಿ ನಾಕ ಪ್ಲೇಟಿಗಷ್ಟ. ಗಿರ್ಮಿಟ್ ಎಷ್ಟ ಪ್ಲೇಟ್ ಆಗತೈತ್ರಿ?"

"ಹತ್ತು. ನಾಕು ಸಾದಾ, ಉಳಿದ ಆರು ಉಳ್ಳಾಗಡ್ಡಿ ಇಲ್ಲದ ಶ್ರಾವಣ ಸ್ಪೆಷಲ್. ಎರಡ ರೂಪಾಯಿ ಜಾಸ್ತಿ."

ಮಾಸ್ತರು ಹಣಿ ಬಡ್ಕೊಂಡ್ರು. "ನೀವ್ ಮಾಡ್ತೀರಿ, ದೇಹ ಮಾಡಂಗಿಲ್ಲ! ಲೈಸಿನ್ ತೀರ್ತಂದ್ರ ಪ್ರೋಟೀನ್ ಕಟ್ಟೂ ಕೆಲಸ ಬಂದ್. ಬಾಕಿ ಆಮ್ಲದ ಸಾರಜನಕ ಲಿವರಿನಾಗ ಯೂರಿಯಾ ಆಗಿ ಕಿಡ್ನಿ ದಾಟಿ ಹೊರಗ, ಉಳಿದದ್ದು ಸುಟ್ಟು ಶಕ್ತಿ, ಇಲ್ಲಾ ಕೊಬ್ಬು. ಕೊಬ್ಬಿಗೆ ಗೋದಾಮ್ ಐತಿ, ಪ್ರೋಟೀನಿಗಿಲ್ಲ."

"ನಮ್ಮ ಬೀಗರಿಗೆ ಕಿಡ್ನಿ ತ್ರಾಸು ಐತ್ರೀ," ಅಂದ ಕಾಕಾ.

"ಅವರಿಗೆ ಈ ಲೆಕ್ಕ ಹಚ್ಚಬ್ಯಾಡ್ರಿ, ಡಾಕ್ಟರ್ ಹೇಳಿದಷ್ಟ. ತಮ್ಮಾ, ಕಾಳು-ಬ್ಯಾಳ್ಯಾಗ ಲೈಸಿನ್ ಐತಿ, ಮಿಥಿಯೋನಿನ್ ಅನ್ನೂ ಇನ್ನೊಂದು ಆಮ್ಲ ಕಡಿಮಿ. ಆ ಕೊರತಿ ಜ್ವಾಳ ತುಂಬತೈತಿ. ಹಿಟ್ಟು ಮೂರು ಪಾಲು, ಕಾಳು ಒಂದು ಪಾಲು, ಬೇಯಿಸೂ ಮೊದಲಿನ ತೂಕ. ನಿನ್ನ ನಾಕು ರೊಟ್ಟಿಯ 240 ಗ್ರಾಂ ಹಿಟ್ಟಿಗೆ ಕಾಳು 80 ಗ್ರಾಂ, ಅದರಾಗ ಪ್ರೋಟೀನ್ 17 ಬಂತು. ಒಂದ ತುತ್ತಿನಾಗ ಕೂಡಬೇಕಂತಿಲ್ಲ, ಅದ ದಿನ ಹೊಟ್ಟಿಗೆ ಬಿದ್ರ ಸಾಕು."

"ಕಟ್ಟಿನ ಸಾರು ವಾಟಿಗಟ್ಟಲೆ ಕುಡೀತೀನಲ್ರೀ?"

"ಪ್ರೋಟೀನ್ ಬಹಳಷ್ಟು ಬ್ಯಾಳ್ಯಾಗ ಉಳಿದು ಹೂರಣ ಸೇರ್ತು. ನೀ ಕುಡದದ್ದು ಮಸಾಲಿ ನೀರು."

"ಹಂಗಾರ ಹೋಳಿಗಿ..."

"ಬೆಲ್ಲದ ಲೆಕ್ಕಾನೂ ಬರಕೋ."

"ಮಡಕಿಕಾಳು ಮೊಳಕಿ ಒಡದ್ರ ಪ್ರೋಟೀನ್ ಡಬಲ್ ಅಂತಾರ?"

"ನೀರು ಕುಡದು ಉಬ್ಬತಾವಪಾ. ಮೊಳಕಿ 100 ಗ್ರಾಂ ತೂಗಿದ್ರ ಒಣ ಕಾಳಿಗಿಂತ ಪ್ರೋಟೀನ್ ಕಡಿಮೀನ. ಲಾಭ ಅಂದ್ರ ಹೊಟ್ಟಿ ಉಬ್ಬರಸೂ ಸಕ್ಕರಿ ಕಡಿಮಿ ಆಗತಾವು. ರಾತ್ರಿ ನೆನಸು, ಮುಂಜಾನೆ ನೀರು ಪೂರಾ ಬಸಿ, ಹಸಿ ಅರಿವ್ಯಾಗ ಸಡಿಲ ಕಟ್ಟಿಡು. ಮುಚ್ಚಿದ ಡಬ್ಬ್ಯಾಗ ನೀರು ನಿಂತ್ರ ಲೋಳಿ ಹಿಡದು ನಾರತಾವು. ಮ್ಯಾಲ ಬೇಯಿಸು. ಪ್ರೋಟೀನ್ ಕಡಿಯೂ ಟ್ರಿಪ್ಸಿನ್ನಿಗೆ ಅಡ್ಡಗಾಲು ಹಾಕೂ ವಸ್ತು ಹಸಿ ಕಾಳಿನಾಗ ಇರತೈತಿ. ಬೆಂದ ಮ್ಯಾಲ ಅದರ ಆಟ ನಡ್ಯಾಂಗಿಲ್ಲ."

ತಮ್ಮ ಬೆರಳು ಮಡಚಿದ. "24, 17... 41."

"ಹಾಲು-ಮೊಸರು ಕೂಡಿ 300 ಮಿಲಿ, ಹತ್ತರ ಹತ್ರ. 51."

"ಇನ್ನ ಮೂರು?"

"15 ಗ್ರಾಂ ಪುಟಾಣಿ."

ತಮ್ಮ ಪ್ಲೇಟ್ ಚಾಚಿದ. "ಕಾಕಾ, ಇನ್ನೊಂದ ಚಮಚ ಪುಟಾಣಿ ಹಿಟ್ಟು ಉದುರ್ಸ್ರಿ."

ಕಾಕಾ ಡಬ್ಬಿ ತನ್ನ ಕಡೆ ಎಳಕೊಂಡ. "ಪುಟಾಣಿ ಹಿಟ್ಟು ಪ್ಲೇಟಿಗೆ ಒಂದ ಚಮಚ, ಪುಕ್ಕಟ. ಪ್ರೋಟೀನ್ ಬೇಕಂದ್ರ ಐದ ರೂಪಾಯಿ."