ಪದಚರ್ಚೆ: ಹಂದಿಯ ಕರುಳಿನೊಳಗಿನ ಜೀವಿಗಳಿಗೆ ಒಟ್ಟಾಗಿ ಏನನ್ನೋಣ?

ಹಂದಿ ಸಾಕುವವರಿಗಾಗಿ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು, ಒಂದು ಪದ ಮಾತ್ರ ಸಿಗುತ್ತಿಲ್ಲ. ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಮತ್ತಿತರ ಜೀವಿಗಳಿಗೆ ಇಂಗ್ಲಿಷಿನಲ್ಲಿ ‘ಗಟ್ ಫ್ಲೋರಾ’ ಅಂತಾರೆ, ಈಗೀಗ ‘ಮೈಕ್ರೋಬಯೋಮ್’. ನನಗೆ ಕೊಟ್ಟ ಹಳೆಯ ಕರಡಿನಲ್ಲಿ ‘ಕರುಳಿನ ಸಸ್ಯಸಂಪತ್ತು’ ಎಂದಿದೆ. ಓದಿದವರು ಹಂದಿ ತಿಂದ ಸೊಪ್ಪು ಅಂದುಕೊಳ್ಳುತ್ತಾರೆ, ಅಲ್ವಾ? ವಾಕ್ಯ ಇದು: ‘ತಾಯಿಹಾಲು ಬಿಡಿಸಿದ ಮರಿಗಳಲ್ಲಿ ........ ಏರುಪೇರಾದರೆ ಭೇದಿ ಶುರುವಾಗಿ ತೂಕ ಏರುವುದಿಲ್ಲ.’ ಏನು ಹಾಕಲಿ?

*

ಸೂಕ್ಷ್ಮಜೀವಿ ಸಮುದಾಯ. ಇದರಲ್ಲಿ ಚರ್ಚೆಗೇನಿದೆ?

*

ಇದೆ. ಸೂಕ್ಷ್ಮ, ಜೀವಿ, ಸಮುದಾಯ, ಮೂರೂ ಸಂಸ್ಕೃತ. ಕನ್ನಡದ್ದು ಅಂತ ಒಂದಾದರೂ ಬೇಡವೇ? ‘ಕಿರುಜೀವಿ’ ಎಂದು ಯಾರೂ ಹೇಳಬೇಡಿ, ಅದು ಕನ್ನಡ-ಸಂಸ್ಕೃತ ಬೆರಕೆಯ ಅರಿಸಮಾಸ. ಇನ್ನು ಬ್ಯಾಕ್ಟೀರಿಯಾ. ಗ್ರೀಕಿನಲ್ಲಿ ಅದರ ಮೂಲಪದಕ್ಕೆ ಸಣ್ಣ ಕೋಲು ಎಂದರ್ಥ. ಗುಂಡಗಿರುವುದಕ್ಕೂ ಕೋಲು ಎನ್ನುವ ಪದವನ್ನು ನಾವೇಕೆ ಹೊರಬೇಕು? ‘ಕರುಳ ಬಳಗ’ ಎನ್ನಿ. ಚೊಕ್ಕವಾಗಿದೆ.

*

ಕರುಳ ಬಳಗ ಅಂದರೆ ಕನ್ನಡಿಗರ ಕಿವಿಗೆ ಒಡಹುಟ್ಟಿದವರು, ರಕ್ತಸಂಬಂಧಿಗಳು. ಬೇಡ.

ಪದ ಹುಡುಕುವ ಮೊದಲು ಅಲ್ಲಿ ಏನಾಗುತ್ತದೆ ಅಂತ ನೋಡೋಣ. ಮೇವಿನ ನಾರನ್ನು ಹಂದಿಯ ಸ್ವಂತ ಜೀರ್ಣರಸ ಕರಗಿಸಲಾರದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಯಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯೂಟಿರಿಕ್ ಆಮ್ಲ ಮಾಡುತ್ತವೆ. ಹಂದಿಗೆ ಅದರಿಂದಲೂ ಶಕ್ತಿ ಸಿಗುತ್ತದೆ. ಬ್ಯೂಟಿರಿಕ್ ಆಮ್ಲವಂತೂ ಕರುಳಿನ ಒಳಪದರಕ್ಕೇ ಆಹಾರ. ಒಂದೇ ಮೇವು ತಿಂದ ಎರಡು ಹಂದಿಗಳ ತೂಕ ಬೇರೆ ಬೇರೆಯಾಗಲು ತಳಿಯ ಜೊತೆಗೆ ಇದೂ ಒಂದು ಕಾರಣ.

ಹಾಲು ಕುಡಿಯುವ ಮರಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಜಾಸ್ತಿ. ಸಾಮಾನ್ಯವಾಗಿ 3-4 ವಾರಕ್ಕೆ ಹಾಲು ಬಿಡಿಸುತ್ತಾರೆ. ಆಗ ಕಾಳಿನ ಆಹಾರ ಬರುತ್ತದೆ, ತಾಯಿಹಾಲಿನ ರಕ್ಷಣೆ ನಿಲ್ಲುತ್ತದೆ. ಈ ಸಂದಿನಲ್ಲೇ ರೋಗ ತರುವ ಇ. ಕೋಲಿ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ಭೇದಿ ಹಿಡಿಯುವುದು. ಅಂದರೆ ಯಾವುದು ಎಷ್ಟಿದೆ ಎಂಬ ಹದ ಕೆಟ್ಟಿದೆ. ‘ಕರುಳಿನ ಸೂಕ್ಷ್ಮಜೀವಿಗಳ ಹದ ತಪ್ಪಿದರೆ’ ಎಂದು ಬರೆಯಿರಿ. ಸಮುದಾಯವೂ ಬೇಡ, ಬಳಗವೂ ಬೇಡ.

*

‘ಹದ’ ಒಪ್ಪಿದೆ. ಆದರೆ ಆಮ್ಲದ ಹೆಸರೆಲ್ಲ ಹೊರಗಿನವು. ಹೀಗೇ ಬಿಟ್ಟರೆ ನಾಳೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಅದೇ ಕೈಪಿಡಿಯಲ್ಲಿ ಆ್ಯಂಟಿಬಯಾಟಿಕ್ ಅಂತಲೂ ಇರುತ್ತದೆ, ನೋಡಿ.

*

ಇರಲೇಬೇಕು. ಹಂದಿಗಳು ಬೇಗ ಬೆಳೆಯಲಿ ಅಂತ ಮೇವಿಗೆ ಸುಮ್ನೆ ಸ್ವಲ್ಪ ಸ್ವಲ್ಪ ಬೆರೆಸುತ್ತಿದ್ದ ಮದ್ದು ಅದು. ಹಾಗೆ ಬೆರೆಸುವುದನ್ನು ಸ್ವೀಡನ್ 1986ರಲ್ಲಿ ನಿಲ್ಲಿಸಿತು, ಐರೋಪ್ಯ ಒಕ್ಕೂಟ 2006ರಲ್ಲಿ. ಮದ್ದಿನ ಪೊಟ್ಟಣ ಕೈಯಲ್ಲಿ ಹಿಡಿದವನಿಗೆ ಗುರುತು ಸಿಗುವ ಪದ ಬೇಕು. ಕೈಪಿಡಿಯಲ್ಲಿ ಬರೀ ‘ಪ್ರತಿಜೀವಕ’ ಎಂದಿದ್ದರೆ ಅವನಿಗೆ ಎರಡೂ ಒಂದೇ ಅಂತ ಹೇಗೆ ಗೊತ್ತಾಗಬೇಕು? ಕನ್ನಡ ಎಷ್ಟೋ ಪದಗಳನ್ನು ಕಡ ತಂದು ತನ್ನದಾಗಿಸಿಕೊಂಡಿದೆ, ಅದರಿಂದ ಬಡವಾಗಿಲ್ಲ.

*

ಕಡ ತಂದದ್ದು ಬೇರೆ, ಮನೆಯನ್ನೇ ಬರೆದುಕೊಡುವುದು ಬೇರೆ. ನನ್ನ ಮಾತು ಮುಗಿಯಿತು.

*

ಎಲ್ಲರಿಗೂ ಧನ್ಯವಾದ. ‘ಸೂಕ್ಷ್ಮಜೀವಿಗಳ ಹದ ತಪ್ಪಿದರೆ’ ಎಂದೇ ಹಾಕುತ್ತೇನೆ, ಆ್ಯಂಟಿಬಯಾಟಿಕ್ ಹಾಗೇ ಇರುತ್ತದೆ. ಕರಡಿನಲ್ಲಿ ‘ಆಹಾರ ಪರಿವರ್ತನಾ ಅನುಪಾತ’ ಅಂತಲೂ ಇತ್ತು. ಅದನ್ನು ‘ಒಂದು ಕಿಲೋ ತೂಕ ಏರಲು ಎಷ್ಟು ಕಿಲೋ ಆಹಾರ ಬೇಕು’ ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕೆ ಚಿಕ್ಕ ಪದ ಇದ್ದರೆ ರಾತ್ರಿಯೊಳಗೆ ತಿಳಿಸಿ.