ಶಿವಮೊಗ್ಗ: ನಾಲ್ಕು ವಿಎಂ ರಿಸ್ಟೋರ್ ಆಗಬೇಕು, ಓಡುತ್ತಿರುವವು ನಿಲ್ಲಬಾರದು

ತುಂಗಾತೀರ
ಮೂರು ಹೋಸ್ಟ್‌ಗಳ (ಸರ್ವರ್‌ಗಳ) ಪ್ರಾಕ್ಸ್‌ಮಾಕ್ಸ್ ಕ್ಲಸ್ಟರ್, ಅದರ ಮೇಲೆ ಓಡುವವು ವಿಎಂಗಳು, ಅಂದರೆ ವರ್ಚುವಲ್ ಮಷಿನ್‌ಗಳು. ಎಲ್ಲ ವಿಎಂಗಳ ಡಿಸ್ಕ್ ಒಂದೇ ನ್ಯಾಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಬಳಸುವ ಸ್ಟೋರೇಜ್ ಪೆಟ್ಟಿಗೆ): ಎನ್‌ಎಫ್‌ಎಸ್ ಹಂಚಿಕೆ, 7200 ಆರ್‌ಪಿಎಂನ 8 ಸಾಟಾ ಡಿಸ್ಕ್, ರೇಡ್ 6 (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ), 1 ಗಿಗಾಬಿಟ್ ನೆಟ್‌ವರ್ಕ್. ವಿಝಡ್‌ಡಂಪ್ (ಪ್ರಾಕ್ಸ್‌ಮಾಕ್ಸ್‌ನದೇ ಬ್ಯಾಕಪ್ ಸಾಧನ) ತೆಗೆದ ಬ್ಯಾಕಪ್‌ನಿಂದ ನಾಲ್ಕು ವಿಎಂ, ಒಟ್ಟು 1.6 ಟಿಬಿ ವಾಪಸ್ ತರಬೇಕು. ಎರಡು ರಿಸ್ಟೋರ್ ಒಟ್ಟಿಗೆ ಹಾಕಿದರೆ ಮೊದಲು ಸಲೀಸಾಗಿ ಓಡುತ್ತದೆ, ಸ್ವಲ್ಪ ಹೊತ್ತಿಗೆ ಅಡಿಕೆ ಮಂಡಿಯ ಬಿಲ್ಲಿಂಗ್ ವಿಎಂ ಉಸಿರೇ ಬಿಡುವುದಿಲ್ಲ. ಅದರ ಲಾಗ್‌ನಲ್ಲಿ 120 ಸೆಕೆಂಡ್‌ಗೂ ಹೆಚ್ಚು ಟಾಸ್ಕ್ ಬ್ಲಾಕ್ ಆಗಿದೆ ಎಂಬ ಸಾಲು. ಸಾಗರ, ತೀರ್ಥಹಳ್ಳಿ ಶಾಖೆಗಳ ಬಿಲ್ಲೂ ಅಲ್ಲೇ ಆಗಬೇಕು. ಹೋಸ್ಟ್‌ನ ಸಿಪಿಯು ಮಾತ್ರ ಖಾಲಿ ಇದೆ.

ಕೊಡಚಾದ್ರಿ_ನೋಡ್
ಮೊದಲ ವೇಗವನ್ನು ನಂಬಬೇಡಿ, ಅದು ನ್ಯಾಸ್‌ನ ರ‍್ಯಾಮ್ ತುಂಬುವವರೆಗೆ ಮಾತ್ರ. ಆಮೇಲೆ ಬರೆಯುವ ಕೆಲಸವೆಲ್ಲ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ಇಂಥ ಒಂದು ಡಿಸ್ಕ್‌ಗೆ ಸೆಕೆಂಡಿಗೆ ಸುಮಾರು 80 ರ‍್ಯಾಂಡಮ್ ಆಪರೇಷನ್, ಎಂಟಕ್ಕೆ 640. ರೇಡ್ 6ರಲ್ಲಿ ಒಂದು ಚಿಕ್ಕ ಬರಹಕ್ಕೆ ಆರು ಆಪರೇಷನ್ ಬೇಕು, ಹಾಗಾಗಿ ಕೈಗೆ ಸಿಗುವುದು ನೂರರ ಆಸುಪಾಸು. ಒಂದೇ ರಿಸ್ಟೋರ್ ಸಾಲಾಗಿ ಬರೆದುಕೊಂಡು ಹೋಗುತ್ತದೆ. ಎರಡಾದರೆ, ಜೊತೆಗೆ ಬಿಲ್ಲಿಂಗ್‌ನ ಓದು-ಬರಹವೂ ಸೇರಿದರೆ, ಹೆಡ್ ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ.

ಆದ್ದರಿಂದ ಒಂದು ಹೊತ್ತಿಗೆ ಒಂದೇ ವಿಎಂ. ರಿಸ್ಟೋರ್ ಮಾಡುವ ಕ್ಯೂಎಂರಿಸ್ಟೋರ್ ಕಮಾಂಡ್‌ನಲ್ಲಿ ಬಿಡಬ್ಲ್ಯೂಲಿಮಿಟ್ (ವೇಗದ ಮಿತಿ) 40960 ಕೊಡಿ. ಲೆಕ್ಕ ಕಿಬಿಬೈಟ್‌ನಲ್ಲಿ, ಅಂದರೆ ಸೆಕೆಂಡಿಗೆ 40 ಮಿಬಿಬೈಟ್. 1.6 ಟಿಬಿಗೆ ಹತ್ತೂವರೆ ಗಂಟೆ. ರಾತ್ರಿ 9ಕ್ಕೆ ಹಾಕಿದರೆ ಮಂಡಿ ತೆರೆಯುವ ಮೊದಲು ಮುಗಿಯುತ್ತದೆ. ನ್ಯಾಸ್‌ನಲ್ಲಿ ಐಓಸ್ಟ್ಯಾಟ್ (ಡಿಸ್ಕ್‌ನ ಹೊರೆ ತೋರಿಸುವ ಕಮಾಂಡ್) ತೆರೆದಿಟ್ಟು ಬರಹದ ಅವೇಟ್, ಅಂದರೆ ಒಂದು ಬರಹ ಮುಗಿಯಲು ಹಿಡಿಯುವ ಸರಾಸರಿ ಹೊತ್ತು, ನೋಡುತ್ತಿರಿ. ಅದು 50 ಮಿಲಿಸೆಕೆಂಡ್ ದಾಟಿ ಅಲ್ಲೇ ನಿಂತರೆ ಮಿತಿ ಇಳಿಸಬೇಕು. ಓಡುತ್ತಿರುವ ರಿಸ್ಟೋರ್‌ನ ಮಿತಿ ಬದಲಾಗದು, ನಿಲ್ಲಿಸಿ ಮೊದಲಿಂದ ಹಾಕಬೇಕು. ಹಾಗಾಗಿ ಚಿಕ್ಕ ವಿಎಂನಿಂದಲೇ ಶುರು ಮಾಡಿ.

ಹಳೆಯ ವಿಎಂ ಐಡಿಯ ಮೇಲೆಯೇ ರಿಸ್ಟೋರ್ ಮಾಡಬೇಡಿ. ಹಾಗೆ ಮಾಡಿದರೆ ಹಳೆಯ ಡಿಸ್ಕ್ ಮೊದಲೇ ಅಳಿಸಿಹೋಗುತ್ತದೆ. ಬ್ಯಾಕಪ್ ಫೈಲ್ ಅರ್ಧದಲ್ಲಿ ಕೆಟ್ಟಿದ್ದರೆ ಎರಡೂ ಹೋದಂತೆ. ಹೊಸ ಐಡಿ ಕೊಡಿ. ಹಳೆಯದೂ ಜೊತೆಗೇ ಓಡಬೇಕಿದ್ದರೆ ಯೂನಿಕ್ ಆಯ್ಕೆ ಹಾಕಿ, ಮ್ಯಾಕ್ ವಿಳಾಸ ಬೇರೆಯಾಗುತ್ತದೆ.

ಆಗುಂಬೆಮಳೆ
ಬ್ಯಾಕಪ್ ಫೈಲ್ ಇರುವುದೂ ಅದೇ ನ್ಯಾಸ್‌ನಲ್ಲೇ? ಹಾಗಿದ್ದರೆ ಓದುವುದೂ ಬರೆಯುವುದೂ ಅವೇ ಡಿಸ್ಕ್. ಫೈಲನ್ನು ಮೊದಲು ಹೋಸ್ಟ್‌ನ ಲೋಕಲ್ ಡಿಸ್ಕ್‌ಗೆ ನಿಧಾನವಾಗಿ ಕಾಪಿ ಮಾಡಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ: ಕೋರೋಸಿಂಕ್ (ಕ್ಲಸ್ಟರ್‌ನ ಹೋಸ್ಟ್‌ಗಳು ಪರಸ್ಪರ ಮಾತಾಡಿಕೊಳ್ಳುವ ವ್ಯವಸ್ಥೆ) ಇದೇ 1 ಗಿಗಾಬಿಟ್ ಕೇಬಲ್‌ನಲ್ಲಿದೆಯೇ? ರಿಸ್ಟೋರ್ ಕೇಬಲ್ ತುಂಬಿಸಿದರೆ ಅದರ ಪ್ಯಾಕೆಟ್‌ಗಳು ತಡವಾಗುತ್ತವೆ. ಎಚ್ಎ (ಹೋಸ್ಟ್ ಕೆಟ್ಟರೆ ವಿಎಂ ಅನ್ನು ಬೇರೆ ಹೋಸ್ಟ್‌ನಲ್ಲಿ ಎಬ್ಬಿಸುವ ವ್ಯವಸ್ಥೆ) ಹಾಕಿರುವ ಹೋಸ್ಟ್‌ಗೆ ಒಂದು ನಿಮಿಷದಷ್ಟು ಕೋರಂ, ಅಂದರೆ ಕ್ಲಸ್ಟರ್‌ನ ಬಹುಮತ, ಸಿಗದಿದ್ದರೆ ವಾಚ್‌ಡಾಗ್ ಎಂಬ ಕಾವಲು ಟೈಮರ್ ಇಡೀ ಹೋಸ್ಟನ್ನೇ ರೀಬೂಟ್ ಮಾಡುತ್ತದೆ. ಸಾಧಾರಣ ಸ್ವಿಚ್ ಆದರೂ ಸರಿ, ಕೋರೋಸಿಂಕ್‌ಗೆ ಬೇರೆ ಕೇಬಲ್ ಎಳೆಯಿರಿ.

ತುಂಗಾತೀರ
ಬ್ಯಾಕಪ್ ಬೇರೆ ಮಷಿನ್‌ನಲ್ಲಿದೆ. ಕೋರೋಸಿಂಕ್ ಅದೇ ಕೇಬಲ್‌ನಲ್ಲಿದೆ, ಬದಲಿಸುತ್ತೇನೆ. ಒಂದು ಹೋಸ್ಟ್‌ನಲ್ಲಿ 1 ಟಿಬಿ ಎಸ್‌ಎಸ್‌ಡಿ ಖಾಲಿ ಇದೆ, ಉಪಯೋಗಕ್ಕೆ ಬರುತ್ತದೆಯೇ? ರಿಸ್ಟೋರ್ ಮುಗಿಯುವ ಮೊದಲೇ ವಿಎಂ ಆನ್ ಮಾಡುವ ಲೈವ್ ರಿಸ್ಟೋರ್ ಹೇಗೆ?

ಕೊಡಚಾದ್ರಿ_ನೋಡ್
ಎಸ್‌ಎಸ್‌ಡಿ ಇದ್ದರೆ ಅದೇ ಒಳ್ಳೆಯ ದಾರಿ. ತುರ್ತಿನ ವಿಎಂ ಅಲ್ಲಿಗೆ ರಿಸ್ಟೋರ್ ಮಾಡಿ, ಆನ್ ಮಾಡಿ, ಜನ ಕೆಲಸ ಶುರು ಮಾಡಲಿ. ರಾತ್ರಿ ಡಿಸ್ಕ್ ಮೂವ್ (ಡಿಸ್ಕನ್ನು ಬೇರೆ ಸ್ಟೋರೇಜ್‌ಗೆ ದಾಟಿಸುವ ಆಯ್ಕೆ) ಬಳಸಿ, ಇದೇ ಮಿತಿ ಹಾಕಿ ನ್ಯಾಸ್‌ಗೆ ದಾಟಿಸಿ. ಬರಹ ಜಾಸ್ತಿ ಇರುವ ಡೇಟಾಬೇಸ್ ವಿಎಂ ಆದರೆ ಆಫ್ ಮಾಡಿಯೇ ದಾಟಿಸಿ. ಮಿತಿಗಿಂತ ಬೇಗ ಹೊಸ ಬರಹ ಬರುತ್ತಿದ್ದರೆ ಕಾಪಿ ಮುಗಿಯುವುದೇ ಇಲ್ಲ. ಎಸ್‌ಎಸ್‌ಡಿಯಿಂದ ನ್ಯಾಸ್‌ಗೆ ದಾಟುವವರೆಗೆ ಆ ವಿಎಂಗೆ ಎಚ್ಎ ಆಸರೆ ಇಲ್ಲ.

ಲೈವ್ ರಿಸ್ಟೋರ್‌ಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್‌ನಲ್ಲಿ ತೆಗೆದ ಬ್ಯಾಕಪ್ ಬೇಕು. ಹಿನ್ನೆಲೆಯಲ್ಲಿ ನ್ಯಾಸ್‌ಗೆ ಅಷ್ಟೇ ಬರಹ ಬೀಳುತ್ತದೆ, ಹೊರೆಯೇನೂ ತಗ್ಗದು. ನಡುವೆ ಲಿಂಕ್ ಹೋದರೆ ಆನ್ ಆದಾಗಿನಿಂದ ವಿಎಂ ಬರೆದದ್ದೆಲ್ಲ ಹೋಗುತ್ತದೆ. ಬಿಲ್ಲಿಂಗ್‌ಗೆ ಖಂಡಿತ ಬೇಡ.

ಆಗುಂಬೆಮಳೆ
ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೋ ಹೇಳಲಾಗದು. ಅರ್ಧಕ್ಕೆ ನಿಂತ ರಿಸ್ಟೋರ್ ಮುಂದುವರಿಯುವುದಿಲ್ಲ. ಆ ವಿಎಂ ಲಾಕ್ ಆಗಿ ಉಳಿದಿದ್ದರೆ ಕ್ಯೂಎಂ ಅನ್‌ಲಾಕ್ ಕಮಾಂಡ್‌ನಿಂದ ಬಿಡಿಸಿ, ಡಿಲೀಟ್ ಮಾಡಿ, ಹೊಸದಾಗಿ ಹಾಕಬೇಕು. ನ್ಯಾಸ್, ಹೋಸ್ಟ್, ಬ್ಯಾಕಪ್ ಮಷಿನ್, ಸ್ವಿಚ್ ನಾಲ್ಕೂ ಯುಪಿಎಸ್ ಮೇಲಿವೆಯೇ ನೋಡಿ. ಸ್ವಿಚ್ ಒಂದನ್ನು ಮರೆಯುವವರೇ ಜಾಸ್ತಿ.